ಹೊರಗೆ ಬಾರದ ಹಿಡಿಕೆ

ಕರೆಂಟಿನಿಂದ ತೆರೆಯುವ ಬಾಗಿಲು ಕರೆಂಟು ಹೋದರೆ ತೆರೆಯುವುದಿಲ್ಲ. ಇದು ಗೊತ್ತಾಗಲು ಇಂಜಿನಿಯರಿಂಗ್ ಓದಬೇಕಿಲ್ಲ. ವೈರಿಂಗ್ ಮಾಮ ಓದಿದ್ದು ಏಳನೇ ಕ್ಲಾಸು.

ಮೂವತ್ತೊಂದು ವರ್ಷ ಕಾರುಗಳ ವೈರು ಬಿಡಿಸಿದ ಅವರ ಕೈಗೆ ಎರಡು ಅಭ್ಯಾಸ ಅಂಟಿಕೊಂಡಿವೆ. ಯಾವ ಗಾಡಿ ಬಂದರೂ ಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಕರೆಂಟು ಕಡಿಯುತ್ತಾರೆ. ಅತ್ತಿತ್ತ ಹೋಗುವಾಗ ಬಾನೆಟ್ ಮುಚ್ಚುತ್ತಾರೆ; ಹಿಂದೊಮ್ಮೆ ಯಾರದೋ ಟೀ ಲೋಟ ಒಳಗೆ ಬಿದ್ದಿತ್ತು.

ಭಾನುವಾರ ಅವರ ಶೆಡ್ಡಿನ ಮುಂದೆ ಕಾರುಹುಚ್ಚರು ಸೇರುತ್ತಾರೆ. ಹೊಸ ಕಾರುಗಳಲ್ಲಿ ಗುಂಡಿಗಳನ್ನೆಲ್ಲ ಕಿತ್ತು ಟಚ್ ಪರದೆ ಕೂರಿಸಿದ್ದು ಸರಿಯೇ ಎಂದು ಗಂಟೆಗಟ್ಟಲೆ ಜಗಳ. ಆ ಭಾನುವಾರ ವಿಮಾ ಕಚೇರಿಯ ಗುಮಾಸ್ತ ಹೊಸ ಕಾರು ತಂದಿದ್ದ, ಹಾರ್ನ್ ಬದಲಿಸಲು. ಮಂಡಿನೋವಿನ ತಾಯಿ ಹಿಂದಿನ ಸೀಟಿನಿಂದ ಇಳಿಯಲಿಲ್ಲ.

"ಮಾಮ, ಬಾಗಿಲ ಹಿಡಿಕೆ ಹೇಗೆ ಒಳಗೆ ಅಡಗಿದೆ ನೋಡಿ! ಬೆಣ್ಣೆ ಸವರಿದ ಹಾಗಿದೆ."

"ನೋಡೋಕೆ ಚೆಂದ ಕಣಯ್ಯ. ಹಿಡಿಯೋಕೆ ಏನಿದೆ? ಭಾಳ ನಾಚಿಕೆ ಅದಕ್ಕೆ."

"ನಿಮಗೆ ವಯಸ್ಸಾಯ್ತು ಬಿಡಿ!"

ಎಲ್ಲರೂ ನಕ್ಕರು. ಮಾಮ ಟರ್ಮಿನಲ್ ಬಿಚ್ಚಿ, ಬಾನೆಟ್ ಮುಚ್ಚಿ, ಹಾರ್ನ್ ತರಲು ಒಳಗೆ ಹೋದರು. ಗುಮಾಸ್ತ ಗೆಳೆಯರಿಗೆ ಕಾರಿನ ಅಂದ ತೋರಿಸಲೆಂದು ನಾಲ್ಕೂ ಬಾಗಿಲು ಮುಚ್ಚಿದ.

ಮತ್ತೆ ಹಿಡಿಕೆ ಹೊರಗೆ ಬರಲಿಲ್ಲ. ಒಳಗಿನ ಗುಂಡಿ ಒತ್ತಿದರೂ ಬಾಗಿಲು ತೆರೆಯಲಿಲ್ಲ, ಗಾಜು ಇಳಿಯಲಿಲ್ಲ. ಬಾನೆಟ್ ತೆರೆಯುವ ಲಿವರ್ ಕಾರಿನೊಳಗೆ. ಕಾರಿನ ಕೈಪಿಡಿಯೂ ಒಳಗೆ. ನೆತ್ತಿ ಸುಡುವ ಬಿಸಿಲು. ತಾಯಿ ಗಾಜು ತಟ್ಟುತ್ತಿದ್ದರು, ಬಾಯಿ ಆಡುತ್ತಿತ್ತು, ಸದ್ದು ಮಾತ್ರ ಕೇಳುತ್ತಿರಲಿಲ್ಲ. ಹೊರಗಿನ ಗಲಾಟೆ ಒಳಗೆ ಬರದಂತೆ ಮಾಡಿದ್ದಾರೆ ಎಂದು ಮಗ ಆಗಷ್ಟೇ ಹೊಗಳಿದ್ದ.

ಅವನು ಕಂಪನಿಗೆ ಫೋನ್ ಹಚ್ಚಿದ. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ ಎಂದಿತು ಯಂತ್ರ. ಮಾಮ ಸುತ್ತಿಗೆ ಹಿಡಿದು ಬಂದರು.

"ಮಾಮ, ಎರಡೇ ನಿಮಿಷ! ಹೊಸ ಗಾಡಿ!"

"ಒಳಗಿರೋದು ನಿಮ್ಮಮ್ಮ ಕಣೋ! ಸರಿ ಆಚೆ!"

ತಾಯಿಯ ಕೈ ಗಾಜಿನಿಂದ ಜಾರಿತ್ತು. ಮುಂದಿನ ಬಾಗಿಲಿನ ಗಾಜಿಗೆ ಮೊದಲ ಏಟು ಬಿತ್ತು, ಒಡೆಯಲಿಲ್ಲ. ಎರಡನೆಯದಕ್ಕೆ ಬರೀ ಬಿರುಕು. ನಾಲ್ಕನೆಯದಕ್ಕೆ ಮಾಮನ ತೋಳು ಒಳಗೆ ಹೋಯಿತು, ರಕ್ತ ಸುರಿಸಿಕೊಂಡೇ ಲಿವರ್ ಎಳೆಯಿತು. ಬಾನೆಟ್ ಎದ್ದಿತು. ಟರ್ಮಿನಲ್ ತಗುಲಿಸಿದ ಮೇಲೆ ಬಾಗಿಲು ತೆರೆಯಿತು.

ನೆರಳಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದಾಗ ಆಕೆ ಕಣ್ಣು ಬಿಟ್ಟು ಮಗನನ್ನೇ ನೋಡಿದರು. "ಗಾಜಿಗೆ ಏನೂ ಆಗಲಿಲ್ವೇನೋ?" ಎಂದರು.

"ತಪ್ಪು ನಂದು. ಒಳಗೆ ಜನ ಇದ್ದಾಗ ಟರ್ಮಿನಲ್ ಮುಟ್ಟಬಾರದಿತ್ತು" ಎಂದು ಮಾಮ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾರೆ. ಕಂಪನಿ ಹೇಳಿದ್ದು ಇಷ್ಟೇ: ಹಿಂದಿನ ಸೀಟಿನ ಬಾಗಿಲ ಜೇಬಿನ ತಳದ ಚಾಪೆ ಎತ್ತಿದರೆ ಒಂದು ದಾರವಿದೆ, ಎಳೆದರೆ ಕರೆಂಟಿಲ್ಲದೆಯೂ ಬಾಗಿಲು ತೆರೆಯುತ್ತದೆ, ಕೈಪಿಡಿಯ ಇನ್ನೂರ ಹದಿನಾಲ್ಕನೇ ಪುಟ ನೋಡಿ. ಉಸಿರುಗಟ್ಟಿದ ಮುದುಕಿ ಪುಟ ತಿರುವಬೇಕಂತೆ!

ಈಗ ಶೆಡ್ಡಿಗೆ ಬಂದ ಮಾಲೀಕನನ್ನು ಮಾಮ ಮೊದಲು ಹಿಂದಿನ ಸೀಟಿಗೆ ಕಳಿಸುತ್ತಾರೆ. "ಕಣ್ಣು ಮುಚ್ಚಿ, ಗುಂಡಿ ಒತ್ತದೆ ಬಾಗಿಲು ತೆಗಿ. ಆಮೇಲೆ ಸ್ಪ್ಯಾನರ್ ಮುಟ್ತೀನಿ."

ನೀವೂ ಎದ್ದು ಹೋಗಿ. ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಅಂಥ ದಾರವನ್ನೋ ಹಿಡಿಕೆಯನ್ನೋ ಹುಡುಕಿ. ಸಿಗದಿದ್ದರೆ ಆ ಕಾರಿನ ಅಂದವನ್ನು ಇನ್ನೊಬ್ಬರ ಮುಂದೆ ಹೊಗಳಬೇಡಿ. ಕೈಗೆ ಸಿಗುವ ಹಿಡಿಕೆ ಕೊಡಿ ಎಂದು ಇವತ್ತೇ ಕಂಪನಿಗೆ ಬರೆಯಿರಿ.