ಎನಿಡ್ ಕ್ಲ್ಯೂಲೋಳ ಚುಕ್ಕಾಣಿ ಸಂಚು

ಎನಿಡ್ ಕ್ಲ್ಯೂಲೋ ಮೂವತ್ತೊಂದು ವರ್ಷ ಮಿಡ್ಲ್‌ವಿಚ್‌ನ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಊಟ ಬಡಿಸಿದವಳು. ಒಂದು ಶುಕ್ರವಾರವೂ ಮೀನು ತಡವಾಗಲಿಲ್ಲ, ಒಂದು ಸೋಮವಾರವೂ ಕಸ್ಟರ್ಡ್ ಗಂಟು ಕಟ್ಟಲಿಲ್ಲ. ಇಂಥವಳು ಒಂದೇ ಒಂದು ವಾರದ ದೋಣಿ ಪ್ರವಾಸಕ್ಕೆ ಯೋಜನೆ ಹಾಕಲು ಕೂತರೆ ಅದು ತಪ್ಪುವುದುಂಟೆ? ಅವಳಿಗಂತೂ ಎಳ್ಳಷ್ಟೂ ಹಾಗನ್ನಿಸಿರಲಿಲ್ಲ.

ಅವಳೂ ಅವಳ ಗಂಡ ಡೆಸ್ಮಂಡನೂ ಇಪ್ಪತ್ತೇಳು ವರ್ಷಗಳಿಂದ ಪ್ರತಿ ಮೇ ತಿಂಗಳಲ್ಲಿ ಬಾಡಿಗೆ ದೋಣಿಯೊಂದರಲ್ಲಿ ಒಂದು ವಾರ ಕಳೆಯುತ್ತಿದ್ದರು. ಡೆಸ್ಮಂಡ್ ಎಂದರೆ ಊರಲ್ಲಿ ಯಾರಿಗೂ ಗೊತ್ತಾಗದು, ಡೆಸ್ ಅನ್ನಬೇಕು. ಕ್ರೂ ಪಟ್ಟಣದ ಕಡೆಯ ಬಸ್ಸು ಓಡಿಸಿ ನಿವೃತ್ತನಾದವನು. ಕಾಲುವೆ ದೋಣಿಯಲ್ಲಿ ಇಬ್ಬರಿಗೆ ಎರಡು ಕೆಲಸ. ಒಬ್ಬರು ಹಿಂದೆ ನಿಂತು ಚುಕ್ಕಾಣಿ ಹಿಡಿಯಬೇಕು. ಇನ್ನೊಬ್ಬರು ಲಾಕ್, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಕಟ್ಟೆ, ಬಂದಾಗಲೆಲ್ಲ ದಡಕ್ಕೆ ಹಾರಿ, ಕಬ್ಬಿಣದ ಹಿಡಿ ತಿರುಗಿಸಿ ನೀರಿನ ಕಿಂಡಿ ಎತ್ತಿ, ಆನೆ ಭಾರದ ಮರದ ಗೇಟಿಗೆ ಬೆನ್ನು ಕೊಟ್ಟು ದಬ್ಬಿ, ದೋಣಿ ದಾಟಿದ ಮೇಲೆ ಗೇಟು ಮುಚ್ಚಿ, ಓಡೋಡಿ ಬಂದು ಹತ್ತಬೇಕು. ಮೊದಲನೆಯದು ಗಂಡಸಿನದು, ಎರಡನೆಯದು ಹೆಂಗಸಿನದು. ಹಾಗಂತ ಯಾವ ಕಾನೂನಿನಲ್ಲಿದೆ? ಯಾವುದರಲ್ಲೂ ಇಲ್ಲ. ಆದರೂ ನಮ್ಮ ಕಾಲುವೆಗಳ ಮೇಲೆ ಯಾವ ಬೇಸಿಗೆಯಲ್ಲಿ ಬೇಕಾದರೂ ನೋಡಿ: ಗಂಡ ಚಹಾದ ಮಗ್ಗು ಹಿಡಿದು ರಾಜನಂತೆ ನಿಂತಿರುತ್ತಾನೆ, ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಗೇಟು ದಬ್ಬುತ್ತಿರುತ್ತಾಳೆ. ಸಾಲದ್ದಕ್ಕೆ ಅವನು "ಬೇಗ, ಬೇಗ" ಅಂತಲೂ ಅನ್ನುತ್ತಾನೆ!

ನಮ್ಮ ಚೆಷೈರ್ ಕಡೆಯಲ್ಲಿ ಲಾಕ್‌ಗಳಿಗೇನು ಬರವೆ? ಮಿಡ್ಲ್‌ವಿಚ್‌ನಿಂದ ಮೇಲಕ್ಕೆ ಹೋಗುವ ಆ ಸಾಲಿಗೆ ಜನ ಎದೆಯೊಡೆಯುವ ಏರು ಎಂದೇ ಹೆಸರಿಟ್ಟಿದ್ದಾರೆ. ಆ ಏರಿನಲ್ಲಿ ಒಡೆದದ್ದೆಲ್ಲ ಎನಿಡ್‌ಳ ಎದೆಯೇ. ಡೆಸ್‌ನ ಎದೆ ಚುಕ್ಕಾಣಿಯ ಹಿಂದೆ ಸುಖವಾಗಿತ್ತು.

ಅರವತ್ನಾಲ್ಕಕ್ಕೆ ಶಾಲೆಯ ಕೆಲಸ ಬಿಟ್ಟ ದಿನ ಎನಿಡ್ ಒಂದು ತೀರ್ಮಾನ ಮಾಡಿದಳು. ಬರುವ ಮೇ ತಿಂಗಳಲ್ಲಿ ಚುಕ್ಕಾಣಿ ತನ್ನದು. ಒಂದು ಗಳಿಗೆಯಲ್ಲ, ಒಂದು ಮಧ್ಯಾಹ್ನವಲ್ಲ, ಪೂರಾ ಏಳು ದಿನ. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ. ಸ್ಪೇನಿಗೆ ಕರೆದುಕೊಂಡು ಹೋಗು ಅನ್ನುತ್ತಿರಲಿಲ್ಲ, ಹೊಸ ಸೋಫಾ ಕೊಡಿಸು ಅನ್ನುತ್ತಿರಲಿಲ್ಲ.

ಆದರೆ ಅದೇ ಶರತ್ಕಾಲದಲ್ಲಿ ಡೆಸ್‌ನ ಎಡ ಮೊಣಕಾಲು ಕೈಕೊಟ್ಟಿತು. ಲಾಕ್ ಗೇಟು ದಬ್ಬುವುದಿರಲಿ, ದಡಕ್ಕೆ ಹಾರುವುದೂ ಬೇಡ ಎಂದರು ಡಾಕ್ಟರು.

"ಮುಗೀತಲ್ಲ ನಿನ್ ಕತೆ," ಎಂದಳು ಪಕ್ಕದ ಮನೆಯ ಗ್ಲೆನಿಸ್. ಎನಿಡ್‌ಳ ಆಸೆ ಗೊತ್ತಿದ್ದದ್ದು ಅವಳೊಬ್ಬಳಿಗೇ. "ಇಷ್ಟು ದಿನ ಸುಮ್ನೆ ಹಿಡೀತಿದ್ದ, ಇನ್ಮೇಲೆ ಡಾಕ್ಟರ್ ಚೀಟಿ ಇಟ್ಕೊಂಡು ಹಿಡೀತಾನೆ. ನೀನು ಸಾಯೋ ತನಕ ಗೇಟ್ ದಬ್ಬು."

"ಲಾಕ್ ಇದ್ರೆ ತಾನೇ ದಬ್ಬೋದು?"

"ಲಾಕಿಲ್ದಿರೋ ಕಾಲುವೆ ಎಲ್ಲಿಂದ ತರ್ತೀಯೇ ಮಾರಾಯ್ತಿ?"

"ಯಾರ್ಕ್‌ಷೈರಿಂದ," ಎಂದಳು ಎನಿಡ್.

ಗೋಡೆಗೆ ಅಂಟಿಸಿ ಮಿಕ್ಕಿದ್ದ ಕಾಗದದ ಸುರುಳಿಯೊಂದನ್ನು ಊಟದ ಮೇಜಿನ ಉದ್ದಕ್ಕೂ ಬಿಚ್ಚಿ, ಅವಳು ಕಂಡರಿಯದ ಆ ಕಾಲುವೆಯನ್ನು ಒಂದು ತುದಿಯಿಂದ ಬರೆಯತೊಡಗಿದಳು. ಲೀಡ್ಸ್‌ನಿಂದ ಲಿವರ್‌ಪೂಲಿಗೆ ಹೋಗುವ ದೊಡ್ಡ ಕಾಲುವೆ ಅದು. ಅದರ ನಡುವೆ, ಬಿಂಗ್ಲಿಯಿಂದ ಸ್ಕಿಪ್ಟನ್ ದಾಟಿ ಗಾರ್‌ಗ್ರೇವ್‌ವರೆಗೆ ಹದಿನೇಳು ಮೈಲಿ ಒಂದು ಲಾಕೂ ಇಲ್ಲ, ನೀರು ಚಪ್ಪಟೆ. ಮೈಲಿಗೆ ಇಪ್ಪತ್ತು ನಿಮಿಷ. ನೀರು ತುಂಬಿಸಿಕೊಳ್ಳಲು ಎಲ್ಲಿ, ದೋಣಿ ತಿರುಗಿಸಲು ಎಲ್ಲಿ ಅಗಲವಿದೆ, ಯಾವ ಸಂಜೆ ಯಾವ ಪಬ್ಬಿನ ಎದುರು ಕಟ್ಟಬೇಕು, ಎಲ್ಲವೂ ಪೆನ್ಸಿಲ್ಲಿನಲ್ಲಿ ಬಂತು. ಒಂದು ದಿನಕ್ಕೆ ಐದು ಮೈಲಿ ಮೀರುವಂತಿಲ್ಲ. ಬುಧವಾರ ಬಿಂಗ್ಲಿಯ ಆ ಪ್ರಸಿದ್ಧ ಐದು ಮೆಟ್ಟಿಲಿನ ಲಾಕ್‌ಗಳ ನೆತ್ತಿ ತಲುಪುವುದು. ಇಳಿಯುವುದಿಲ್ಲ. ಅದರ ಕೆಳಗೆ ಅವಳು ಬರೆದದ್ದು ಇಷ್ಟು: ಐಸ್‌ಕ್ರೀಮ್ ತಿನ್ನುತ್ತ ಬೇರೆ ಹೆಂಗಸರು ಗೇಟು ದಬ್ಬುವುದನ್ನು ನೋಡುವುದು.

ಲಾಕ್ ಇಲ್ಲ, ಸರಿ. ಆದರೆ ಆ ಹದಿನೇಳು ಮೈಲಿಯಲ್ಲಿ ತಿರುಗುಸೇತುವೆಗಳಿವೆ, ಇಪ್ಪತ್ತರ ಹತ್ತಿರ. ನೀರಿಗೆ ಮೊಳದೆತ್ತರದಲ್ಲಿ ಮಲಗಿರುತ್ತವೆ, ಯಾರಾದರೂ ಇಳಿದು ರಸ್ತೆಯ ವಾಹನಗಳನ್ನು ನಿಲ್ಲಿಸಿ ಸೇತುವೆಯನ್ನೇ ಬದಿಗೆ ತಿರುಗಿಸಿದರೆ ಮಾತ್ರ ದೋಣಿಗೆ ದಾರಿ. ಎನಿಡ್‌ಳ ಸಂಚೆಲ್ಲ ಇದ್ದದ್ದು ಇಲ್ಲೇ. ಗ್ರಂಥಾಲಯದಿಂದ ತಂದ ನಕ್ಷೆಯ ಪುಸ್ತಕದಲ್ಲಿ ಬಹುತೇಕ ಸೇತುವೆಗಳ ಪಕ್ಕದಲ್ಲಿ ಬೀಗದಕೈಯ ಪುಟ್ಟ ಚಿತ್ರವಿತ್ತು. ಬೀಗದಕೈ ತೂರಿಸಿ, ಗುಂಡಿ ಒತ್ತಿದರೆ ಸಾಕು. ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ, ಅಡ್ಡಗಂಬ ಇಳಿಯುತ್ತದೆ, ಕಾರು ಲಾರಿಗಳೆಲ್ಲ ಬಾಲ ಮುದುರಿಕೊಂಡು ನಿಲ್ಲುತ್ತವೆ. ಕುಂಟುವ ಮೊಣಕಾಲಿನವನಿಗೂ ಸಲೀಸು.

ಸಲೀಸಷ್ಟೇ ಅಲ್ಲ, ಸ್ವರ್ಗ! ಎನಿಡ್ ತನ್ನ ಗಂಡನನ್ನು ಸುಮ್ಮನೆ ನೋಡಿಕೊಂಡು ಬಂದವಳಲ್ಲ. ಮೂವತ್ತೆಂಟು ವರ್ಷ ಬಸ್ಸಿನಲ್ಲಿ ಕೂತು ಕಂಡಕಂಡವರ ಕೆಂಪು ದೀಪಕ್ಕೆ ಕಾದವನು ಅವನು. ಹಿಂದಿನ ವರ್ಷ ಅವರ ಬೀದಿಯಲ್ಲಿ ರಸ್ತೆ ಅಗೆದಾಗ, ನಿಲ್ಲಿ-ಹೋಗಿ ಫಲಕ ಹಿಡಿದಿದ್ದ ಕೆಲಸಗಾರ ಹತ್ತು ನಿಮಿಷ ಇದನ್ನು ಹಿಡಿದಿರಿ ಎಂದು ಡೆಸ್‌ನ ಕೈಗೆ ಕೊಟ್ಟು ಹೋಗಿದ್ದ. ಆ ಹತ್ತು ನಿಮಿಷದ ಕತೆಯನ್ನು ಡೆಸ್ ಮೂರು ವಾರ ಹೇಳಿದ. ಇಂಥವನ ಕೈಗೆ ದಿನಕ್ಕೆ ನಾಲ್ಕು ಸೇತುವೆ ಕೊಟ್ಟುಬಿಟ್ಟರೆ ಚುಕ್ಕಾಣಿಯ ನೆನಪಾದರೂ ಬಂದೀತೆ?

ಜನವರಿಯ ಒಂದು ಭಾನುವಾರ, ಹುರಿದ ದನದ ಮಾಂಸ ಬಡಿಸಿದ ಮೇಲೆ, ಅವಳು ಸುರುಳಿ ಬಿಚ್ಚಿದಳು.

"ಯಾರ್ಕ್‌ಷೈರಾ?" ಎಂದ ಡೆಸ್. "ಕೇಕ್ ಜೊತೆ ಚೀಸ್ ತಿನ್ನೋ ಜನ ಅವ್ರು. ಅಲ್ಲಿಗೆ ಹೋಗಿ ವಾರ ಪೂರ್ತಿ ಏನ್ ಮಾಡೋದು?"

"ಆರಾಮ ಮಾಡೋದು. ನಿನ್ ಕಾಲಿಗೆ ಒಳ್ಳೇದು. ಲಾಕೇ ಇಲ್ಲ ನೋಡು."

"ಮತ್ತೆ ಈ ಗೀಟುಗಳು?"

"ತಿರುಗೋ ಸೇತುವೆ. ಗುಂಡಿ ಒತ್ತಿದ್ರಾಯ್ತು. ಕಾರುಗಳೆಲ್ಲ ನಿಂತ್ಕೋತವೆ." ಅವಳು ಆಲೂಗಡ್ಡೆ ಬಟ್ಟಲನ್ನು ಅವನತ್ತ ಸರಿಸುತ್ತ, ತೀರಾ ಬೇರೆ ಮಾತಾಡುವವಳ ಹಾಗೆ ಹೇಳಿದಳು. "ಅದನ್ನ ಬೇಕಿದ್ರೆ ನಾನೇ ಒತ್ತಬಹುದು..."

"ನಿಂಗೆ ಟ್ರಾಫಿಕ್ ಬಗ್ಗೆ ಏನ್ ಗೊತ್ತು? ಕೊಡಿಲ್ಲಿ."

ಅವನು ಸುರುಳಿಯ ಪಕ್ಕದಲ್ಲಿದ್ದ ನಕ್ಷೆಯ ಪುಸ್ತಕವನ್ನು ಎಳೆದುಕೊಂಡು ಕನ್ನಡಕ ಏರಿಸಿ ಬಹಳ ಹೊತ್ತು ಓದಿದ. ಹಿಂದುಮುಂದಿನ ಪುಟಗಳನ್ನೆಲ್ಲ ತಿರುವಿದ. ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ, ಮತ್ತೆ ಓದಿದ. ಎನಿಡ್ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಆಯ್ತು," ಎಂದ ಕೊನೆಗೆ. "ಸೇತುವೆ ನನಗೆ. ಅಲ್ಲಿವರೆಗೆ ದೋಣಿ ನೀನು ನೋಡ್ಕೊಂಡಿರು."

ಆ ರಾತ್ರಿಯ ಊಟಕ್ಕೆ ಮೊದಲೇ ಸುದ್ದಿ ಬೇಲಿಯಾಚೆ ಗ್ಲೆನಿಸ್‌ಗೆ ತಲುಪಿತು. "ಗಾಳಕ್ಕೆ ಬಿದ್ದ ಕಣೇ!" ಎಂದು ಎನಿಡ್ ಶಾಲಾ ಹುಡುಗಿಯಂತೆ ಕುಣಿದಳು.

ಮೇ ತಿಂಗಳ ಶನಿವಾರ ಮಧ್ಯಾಹ್ನ ಸ್ಕಿಪ್ಟನ್‌ನಲ್ಲಿ ಬಿಸಿ ಹಂದಿಮಾಂಸದ ಪೈ ಕಟ್ಟಿಸಿಕೊಂಡು ದೋಣಿ ಹತ್ತಿದರು. ದೋಣಿ ಕೊಡುವ ಮನುಷ್ಯ ಬಂದು, ವಾಡಿಕೆಯಂತೆ ಡೆಸ್‌ನ ಮುಖ ನೋಡಿಕೊಂಡೇ ಚುಕ್ಕಾಣಿಯ ಪಾಠ ಶುರುಮಾಡಿದ.

"ಅವಳಿಗೆ ಹೇಳಪ್ಪ," ಎಂದ ಡೆಸ್. "ನಾನು ಸಂಚಾರ ವಿಭಾಗ."

ಎನಿಡ್ ಚುಕ್ಕಾಣಿ ಹಿಡಿದಳು. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇಪ್ಪತ್ತೇಳು ವರ್ಷ ನೋಡಿದ್ದರೂ ಕೈಗೆ ಅದು ಹೊಸದು. ಮೊದಲ ತಿರುವಿನಲ್ಲಿ ಪೊದೆಗೆ ನುಗ್ಗಿಸಿದಳು, ಎರಡನೆಯದರಲ್ಲಿ ಬಾತುಕೋಳಿಗಳಿಂದ ಶಾಪ ಹಾಕಿಸಿಕೊಂಡಳು. ಮೂರನೆಯ ತಿರುವಿಗೆ ಐವತ್ತೇಳು ಅಡಿ ಕಬ್ಬಿಣ ಅವಳು ಹೇಳಿದ ಹಾಗೆ ಕೇಳಿತು. ಹೊಟ್ಟೆಯೊಳಗೆ ಹಾಲು ಹುಯ್ದಂತಾಯಿತು. ಇದನ್ನು, ಇಷ್ಟು ವರ್ಷ, ಈ ಮನುಷ್ಯ ಒಬ್ಬನೇ ಅನುಭವಿಸಿದನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಮೊದಲ ಸೇತುವೆಯಲ್ಲಿ ಗುಂಡಿಯಿತ್ತು. ಡೆಸ್ ಅದನ್ನು ಒತ್ತಿ ಹನ್ನೊಂದು ಕಾರು, ಒಂದು ಹಾಲಿನ ಟ್ಯಾಂಕರು, ಎರಡು ಸೈಕಲ್ ನಿಲ್ಲಿಸಿದ. ಬಂದವನೇ, "ಒಂದು ಬಸ್ಸೂ ಇತ್ತು ಕಣೇ," ಎಂದ, ಕಣ್ಣು ಹೊಳೆಸಿಕೊಂಡು. "ಬಸ್ಸು!" ಎನಿಡ್ ಬೇರೆಡೆಗೆ ಮುಖ ತಿರುಗಿಸಿ ನಕ್ಕಳು. ಕಸ್ಟರ್ಡ್ ಗಂಟು ಕಟ್ಟಿರಲಿಲ್ಲ.

ಭಾನುವಾರ ಬೆಳಗ್ಗೆ, ಕಿಲ್ಡ್ವಿಕ್ ದಾಟಿದ ಮೇಲೆ, ಹೊಲಗಳ ನಡುವೆ ಒಂದು ಸೇತುವೆ ಬಂತು. ನಕ್ಷೆಯಲ್ಲಿ ಅದಕ್ಕೂ ಬೀಗದಕೈಯ ಚಿತ್ರವಿತ್ತು. ಎನಿಡ್ ದೋಣಿಯನ್ನು ದಡಕ್ಕೆ ತಂದಳು. ಡೆಸ್ ಇಳಿದು ಹೋಗಿ ಬೀಗದಕೈ ತಿರುಗಿಸಿದ. ಗಂಟೆಯಿಲ್ಲ, ದೀಪವಿಲ್ಲ. ಸರಪಳಿಯೊಂದು ಕಳಚಿ ಬಿತ್ತು, ಅಷ್ಟೇ. ಸೇತುವೆಯ ತುದಿಗೆ ದಬ್ಬಲಿಕ್ಕೆಂದು ಒಂದು ದಪ್ಪ ತೊಲೆ ಚಾಚಿಕೊಂಡಿತ್ತು. ನಿಲ್ಲಿಸಲು ಒಂದು ಕಾರೂ ಇರಲಿಲ್ಲ, ಕುರಿಗಳು ಬಿಟ್ಟರೆ ನೋಡಲು ಯಾರೂ ಇರಲಿಲ್ಲ.

ಎನಿಡ್‌ಳಿಗೆ ಆಗ ಹೊಳೆಯಿತು. ಬೀಗದಕೈ ಬರೀ ಬೀಗಕ್ಕೆ. ದಬ್ಬುವುದು ಮನುಷ್ಯನೇ. ಪುಸ್ತಕದ ಚಿತ್ರಗಳನ್ನು ನೆನೆಸಿಕೊಂಡಳು. ಇಂಥವು ಇನ್ನೆಷ್ಟೋ. ಒಂದು ದಿನ ತುಂಬುವ ಮೊದಲೇ ಮುಗಿಯಿತು ಹಾಗಾದರೆ. ಅವಳು ದೋಣಿ ಕಟ್ಟಿ, ಇಂಜಿನ್ ಆರಿಸಿ, ಇಳಿದು ಹೋದಳು.

"ತಪ್ಪು ನನ್ದೇ," ಎಂದಳು. "ಹೋಗು, ದೋಣಿ ನೀನು ಹಿಡ್ಕೋ. ನಾನು ದಬ್ತೀನಿ."

"ಬೀಗದಕೈ ಅಂದ್ರೆ ಗುಂಡಿ ಅಲ್ಲ ಅಂತ ಆ ಪುಸ್ತಕದ ಕೊನೇ ಪುಟದಲ್ಲೇ ಬರ್ದಿದೆ," ಎಂದ ಡೆಸ್, ತೊಲೆಗೆ ಬೆನ್ನು ಹಚ್ಚುತ್ತ. "ಅರ್ಧಕ್ಕರ್ಧ ದಬ್ಬೋವೇ. ಜನವರೀಲೇ ಓದಿದ್ದೆ."

"ಗೊತ್ತಿತ್ತಾ? ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಅಷ್ಟೊಂದು ಕಷ್ಟಪಟ್ಟು ನನಗೆ ಟೋಪಿ ಹಾಕ್ತಾ ಇದ್ದೆ. ಕೆಡಿಸೋಕೆ ಮನಸ್ಸು ಬರ್ಲಿಲ್ಲ."

"ಡೆಸ್, ನಿನ್ ಕಾಲು!"

"ಇದನ್ನ ಕಾಲಿಂದ ದಬ್ಬಲ್ಲ ಕಣೇ, ಕುಂಡಿಯಿಂದ ದಬ್ಬೋದು. ಮೂವತ್ತೆಂಟು ವರ್ಷ ಸೀಟಲ್ಲಿ ಕೂರ್ಸಿ ತಯಾರು ಮಾಡಿದ್ದೀನಿ, ಅದಕ್ಕೇನಾಗಿದೆ?" ಎಂದು ಒಮ್ಮೆ ಒತ್ತಿ ನೋಡಿದ. ಸೇತುವೆ ಮಿಸುಕಲಿಲ್ಲ. ಅವನು ಉಸಿರು ಬಿಟ್ಟು, ಅವಳನ್ನು ನೋಡದೆ ಹೇಳಿದ. "ಆದ್ರೂ ಎನಿಡ್, ಇಷ್ಟೆಲ್ಲ ಯಾಕೆ? ಒಂದ್ ಮಾತು ಕೇಳಬಹುದಿತ್ತಲ್ಲ, ನಂಗೂ ಹಿಡಿಯೋಕೆ ಕೊಡು ಅಂತ."

"ಕೇಳಿದ್ದೆ."

"ಯಾವಾಗ?"

"ಹದಿನೇಳು ವರ್ಷ ಆಯ್ತು. ವೀಲಾಕ್ ಅನ್ನೋ ಊರಿನ ಕೊನೇ ಲಾಕಿನ ಹತ್ರ. ನಾನು ದಡದಲ್ಲಿದ್ದೆ, ನೀನು ದೋಣಿ ಮೇಲಿದ್ದೆ. ಇನ್ಮುಂದೆ ನಾನು ಹಿಡೀಲಾ ಅಂತ ಕೇಳ್ದೆ."

"ನಾನೇನಂದೆ?"

"ಗೇಟ್ ಸರಿಯಾಗಿ ಮುಚ್ಚಿ ಬಾ ಅಂದೆ. ಇಂಜಿನ್ ಶಬ್ದ. ನಿಂಗೆ ಕೇಳಿಸ್ಲಿಲ್ಲ."

"ಇನ್ನೊಂದ್ಸಲ ಕೇಳಬೇಕಾಗಿತ್ತು."

"ಒಂದ್ಸಲ ಕೇಳೋಕೇ ನಂಗೆ ಹತ್ತು ವರ್ಷ ಬೇಕಾಯ್ತು," ಎಂದಳು ಎನಿಡ್.

ಒಂದು ಕುರಿ ಅರಚಿತು. ಡೆಸ್ ಒಳ್ಳೆಯ ಕಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟ. ಸೇತುವೆ ನರಳಿತು, ಒಂದು ಗೇಣು ಸರಿಯಿತು. ಎನಿಡ್ ಕೈ ಹಚ್ಚಲು ಹೋದಳು.

"ಮುಟ್ಟಬೇಡ. ದೋಣಿಗೆ ಹೋಗು."

ಅವಳು ಹೋದಳು. ಇಂಜಿನ್ ಹಚ್ಚಿ, ಹಗ್ಗ ಬಿಚ್ಚಿ, ನೀರಿನ ನಡುವೆ ದೋಣಿಯನ್ನು ಹಿಡಿದು ನಿಲ್ಲಿಸಿದಳು. ಅವನು ಹೆಜ್ಜೆ ಹೆಜ್ಜೆಗೂ ನಿಂತು, ಮುಖ ಕೆಂಪಗೆ ಮಾಡಿಕೊಂಡು, ಹಿಮ್ಮುಖವಾಗಿ ದಬ್ಬುತ್ತ ಹೋದ. ಬಹಳ ಹೊತ್ತು ಹಿಡಿಯಿತು. "ಬೇಗ" ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ದಾರಿ ಬಿಟ್ಟಾಗ ದೋಣಿಯನ್ನು ಆ ಇಕ್ಕಟ್ಟಿನಲ್ಲಿ ಎರಡೂ ಕಡೆ ಸವರದೆ ತೂರಿಸಿದಳು. ಹಿಂದೆ ತಿರುಗಿ ನೋಡಿದರೆ, ಡೆಸ್ ಸೇತುವೆಯನ್ನು ಮತ್ತೆ ಎಳೆದು ಕೂಡಿಸಿ, ಅದರ ನಡುವೆ ನಿಂತು, ಕಂಬಿ ಹಿಡಿದುಕೊಂಡು ಏನೋ ಕೂಗುತ್ತಿದ್ದ.

ಕೇಳಿಸಲಿಲ್ಲ. ಸುಮ್ಮನೆ ಕೈ ಬೀಸಿ ಮುಂದೆ ಹೋಗಬಹುದಿತ್ತು. ಎನಿಡ್ ಬಗ್ಗಿ ಇಂಜಿನ್ ಆರಿಸಿಬಿಟ್ಟಳು. ಕಾಲುವೆಯ ಮೇಲೆ ಒಮ್ಮೆಗೇ ನಿಶ್ಶಬ್ದವಾಯಿತು.

"ಏನಂದೆ?" ಎಂದು ಕೂಗಿದಳು.

"ನೀನು ಅವತ್ತು ಕೇಳಿದ್ದು ಈಗ ಕೇಳಿಸ್ತು ಅಂದೆ!"

ಎನಿಡ್‌ಳ ಕಣ್ಣು ತುಂಬಿ ಎದುರಿನ ತಿರುವು ಮಸುಕಾಯಿತು. ದೋಣಿಯನ್ನು ಮೆಲ್ಲಗೆ ದಡದ ಕಡೆಗೆ ತೇಲಲು ಬಿಟ್ಟು, ಅವನು ಕುಂಟುತ್ತ ಬಂದು ಹತ್ತುವವರೆಗೂ ಚುಕ್ಕಾಣಿಯನ್ನು ಹಿಡಿದೇ ನಿಂತಿದ್ದಳು.