ತೊಂಬತ್ತೆರಡೂವರೆ ಡಿಗ್ರಿಯ ಮಾಪಲೆಸಾ

ಬೆಳಗಿನ ಆರೂಕಾಲು. ಎಲ್ಲರೂ ಮ್ಮೆ, ಅಂದರೆ ಅಮ್ಮ, ಎಂದು ಕರೆಯುವ ಮಾಪಲೆಸಾ ಹೆಗಲ ಕಂಬಳಿಯ ಪಿನ್ನು ಬಿಗಿದುಕೊಂಡು, ಸೀಮೆಎಣ್ಣೆ ಸ್ಟವ್ ಮೇಲೆ ಕುದಿಯುವ ನೀರಿಗೆ ಥರ್ಮಾಮೀಟರ್ ಇಳಿಸಿ ಬಗ್ಗಿ ನಿಂತಿದ್ದಾರೆ. ಪಾದರಸ ಏರುತ್ತದೆ, ತೊಂಬತ್ತೆರಡೂವರೆಗೆ ಬಂದು ನಿಲ್ಲುತ್ತದೆ. ನೀರು ಕೊತಕೊತ ಅನ್ನುತ್ತಲೇ ಇದ್ದರೂ ಪಾದರಸ ಮಾತ್ರ ಕದಲುವುದಿಲ್ಲ. ಪೆನ್ಸಿಲಿನಲ್ಲಿ ಅಂಕಿ ಬರೆದು ಅವರು ಇನ್ನೊಂದು ಥರ್ಮಾಮೀಟರ್ ಎತ್ತಿಕೊಳ್ಳುತ್ತಾರೆ. ಇಂಥವು ಮೂವತ್ತೊಂದು ಇವೆ, ಒಂದು ಮಗುವಿಗೆ ಒಂದರಂತೆ. ಒಂಬತ್ತಕ್ಕೆ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ.

ಮೊಖೊತ್ಲೊಂಗ್ ಬೆಟ್ಟಗಳ ನೆತ್ತಿಯ ಈ ಮಿಷನ್ ಶಾಲೆಯಲ್ಲಿ ಮಾಪಲೆಸಾ ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಸಹಾಯಕಿ. ಬೀರುವಿನ ಬೀಗದ ಕೈ ಅವರ ಕೊರಳಲ್ಲಿರುತ್ತದೆ. ಕೆಳಗಿನ ಅರೆಯಲ್ಲಿ ಆರ್ಕಿಮಿಡೀಸನ ಡಬ್ಬಿ, ಅದರ ಮೇಲೆ ಗೆಲಿಲಿಯೋನ ಲೋಲಕ, ಮೇಲೆ ಬಾಯ್ಲ್‌ನ ಕೊಳವೆ, ಹುಕ್‌ನ ಸ್ಪ್ರಿಂಗು, ನ್ಯೂಟನ್‌ನ ತಳ್ಳುಗಾಡಿ, ತುತ್ತತುದಿಗೆ ಓಮ್‌ನ ತಂತಿ. ಹುಟ್ಟಿದ ವರ್ಷದ ಪ್ರಕಾರ ಜೋಡಿಸಿದ್ದಾರೆ. "ಹಿರಿಯರು ಕೆಳಗೆ ಕೂತ್ಕೊಳ್ಳಲಿ, ಹತ್ತೋಕಾಗಲ್ಲ ಪಾಪ" ಎಂದು ನಗುತ್ತಾರೆ. ದಿನಕ್ಕೆ ಹನ್ನೆರಡು ಬಕೆಟ್ ನೀರು ಹೊರುತ್ತಾರೆ, ಅರವತ್ತು ಬೀಕರ್ ತೊಳೆಯುತ್ತಾರೆ. ಮಹಾನುಭಾವರ ನಿಯಮಗಳೆಲ್ಲ ನಡೆಯುವುದು ಈ ಹೆಂಗಸಿನ ಸೊಂಟದ ಬಲದ ಮೇಲೆ. ಹಾಗಂತ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಇವತ್ತಿನ ಪ್ರಶ್ನೆ ಬಿಸಿನೀರು ತಣಿಯುವ ನ್ಯೂಟನ್‌ನ ನಿಯಮ. ನೀರು ಕುದಿಸಿ, ಉಷ್ಣತೆ ಬರೆದು, ನಿಮಿಷಕ್ಕೊಮ್ಮೆ ಅದು ಇಳಿಯುವುದನ್ನು ದಾಖಲಿಸಬೇಕು. ಅದೇ ಪ್ರಯೋಗವನ್ನು ಶಾಲೆಯವರೂ ಬೆಳಗ್ಗೆ ಮಾಡಿ, ತಮ್ಮ ಅಂಕಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಉತ್ತರಪತ್ರಿಕೆಗಳ ಜೊತೆ ಕಳಿಸಬೇಕು. ದೂರದಲ್ಲಿ ಕೂತು ಮಾರ್ಕು ಹಾಕುವವರು ಮಕ್ಕಳ ಅಂಕಿಗಳನ್ನು ತಾಳೆ ನೋಡುವುದು ಆ ಲಕೋಟೆಯ ಜೊತೆಗೆ.

ಎರಡು ವರ್ಷದ ಹಿಂದೆ ಆಗಿನ ಮುಖ್ಯೋಪಾಧ್ಯಾಯರು ಮಾಪಲೆಸಾ ಬರೆದ ತೊಂಬತ್ತೆರಡೂವರೆಯನ್ನು ಹೊಡೆದುಹಾಕಿ ನೂರು ಎಂದು ತಿದ್ದಿದ್ದರು. ನೀರು ಕುದಿಯುವುದು ನೂರಕ್ಕೆ, ಹಸುಗೂಸಿಗೂ ಗೊತ್ತು ಎಂಬುದು ಅವರ ವಾದ. ಪುಸ್ತಕದ ನೂರನ್ನೇ ಬರೆದ ಆರು ಮಕ್ಕಳು ಪಾಸಾದರು. ಕಣ್ಣಿಗೆ ಕಂಡದ್ದನ್ನು ಬರೆದ ಇಪ್ಪತ್ತೊಂದು ಮಕ್ಕಳು ಫೇಲಾದರು. ಅವರಲ್ಲಿ ಮಾಪಲೆಸಾರ ಮಗಳು ಪಲೆಸಾ ಒಬ್ಬಳು. ಈಗ ಅವಳು ರಾಜಧಾನಿಯಲ್ಲಿ ಜೀನ್ಸಿಗೆ ಗುಂಡಿ ಹೊಲಿಯುತ್ತಾಳೆ. "ಸುಳ್ಳು ಬರೀಬೇಡ ಅಂತ ನಾನೇ ಕಲಿಸಿದ್ದು" ಎನ್ನುತ್ತಾರೆ ತಾಯಿ. ಹದಿನೈದು ವರ್ಷದಿಂದ ಇಲ್ಲೇ ಗಣಿತದ ಮೇಷ್ಟರಾಗಿರುವ ನಾನೂ ಆವತ್ತು ಬಾಯಿ ಬಿಡಲಿಲ್ಲ. ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

ಏಳೂವರೆಗೆ ಜೀಪು ಬರುತ್ತದೆ. ಇಳಿದವರು ಪರೀಕ್ಷಾ ಮೇಲ್ವಿಚಾರಕ ನ್ತಾತೆ ಖ್ವಾಬಾನೆ, ಕೆಳಗಿನ ಊರಿನ ದೊಡ್ಡ ಶಾಲೆಯವರು. ನ್ತಾತೆ ಅಂದರೆ ಇಲ್ಲಿನ ಮಾತಿನಲ್ಲಿ ಅಪ್ಪ, ಹಿರಿಯ ಗಂಡಸರನ್ನು ಕರೆಯುವುದು ಹಾಗೆ. ಹಾಳೆ ನೋಡಿದವರೇ ಹುಬ್ಬು ಗಂಟಿಕ್ಕುತ್ತಾರೆ.

"ಏನಮ್ಮಾ ಇದು? ನಿಮ್ಮ ಥರ್ಮಾಮೀಟರೆಲ್ಲ ಕೆಟ್ಟಿದಾವೆ. ನೂರು ಅಂತ ಬರ್ದುಬಿಡಿ, ನಾನು ಸೈನ್ ಹಾಕ್ತೀನಿ."

"ಕೆಟ್ಟಿಲ್ಲ, ನ್ತಾತೆ."

"ನೋಡಿ, ಇದನ್ನ ಕಳಿಸಿದ್ರೆ ಆಫೀಸಿನವರು ನನ್ನನ್ನ ಕೇಳ್ತಾರೆ, ನಿದ್ದೆ ಮಾಡ್ತಿದ್ಯೇನಯ್ಯಾ ಅಂತ. ನಿವೃತ್ತಿಗೆ ಇನ್ನೊಂದೇ ವರ್ಷ ನನಗೆ."

ಮಾಪಲೆಸಾ ಹೊರಗೆ ಹೋಗಿ, ಹಿಮ ಬಿದ್ದು ಹೆಪ್ಪುಗಟ್ಟಿದ ಡ್ರಮ್ಮಿನ ನೀರನ್ನು ಕಲ್ಲಿನಿಂದ ಜಜ್ಜಿ, ಬೋಗುಣಿ ತುಂಬ ಮಂಜುಗಡ್ಡೆ ತರುತ್ತಾರೆ. "ಮೂವತ್ತೊಂದರಲ್ಲಿ ನಿಮಗೆ ಬೇಕಾದ್ದು ಆರಿಸ್ಕೊಳ್ಳಿ. ಕರಗೋ ಮಂಜಿಗೆ ಬೆಟ್ಟವೂ ಒಂದೇ, ಬಯಲೂ ಒಂದೇ."

ಅವರು ಮೂರನ್ನು ಆರಿಸುತ್ತಾರೆ. ಮೂರೂ ಸೊನ್ನೆಗೆ ಇಳಿಯುತ್ತವೆ.

"ಸೊನ್ನೇಲಿ ಸರಿಯಿದ್ದು ನೂರರ ಹತ್ತಿರ ತಪ್ಪಿರಬಹುದಲ್ಲ?" ಖ್ವಾಬಾನೆ ಬಿಡುವವರಲ್ಲ. ಗಡಿಯಾರ ಎಂಟು ದಾಟಿದೆ.

"ಮೂವತ್ತೊಂದೂ ಮಾತಾಡ್ಕೊಂಡು ಒಂದೇ ತಪ್ಪು ಮಾಡ್ತಾವಾ? ಹೋಗಲಿ, ನಿಮ್ಮ ಶಾಲೇಲಿ ಎಷ್ಟಕ್ಕೆ ಕುದಿಯುತ್ತೆ?"

"ನೂರಕ್ಕೆ."

"ನೋಡಿದೀರಾ?"

"ನೋಡೋದೇನು ಬಂತು? ಗೊತ್ತಿರೋ ವಿಷಯ."

"ನಿಮ್ಮೂರೂ ಬೆಟ್ಟಾನೇ, ನ್ತಾತೆ, ಸ್ವಲ್ಪ ಗಿಡ್ಡ ಅಷ್ಟೆ. ಇಲ್ಲಿ ಹುರುಳಿಕಾಯಿ ಬೀಜ ಬೇಯೋಕೆ ಅರ್ಧ ದಿನ ಹಿಡಿಯುತ್ತೆ. ಮುಚ್ಚಳದ ಮೇಲೆ ಕಲ್ಲು ಯಾಕೆ ಹೇರ್ತೀವಿ? ಮೇಲೆ ಗಾಳಿಯ ಭಾರ ಕಡಿಮೆ, ನೀರು ಪೂರ್ತಿ ಕಾಯೋ ಮುಂಚೆನೇ ಕುದ್ದುಬಿಡುತ್ತೆ. ಇದು ನನ್ನ ಅತ್ತೆಗೂ ಗೊತ್ತಿತ್ತು. ಅವರು ಶಾಲೆ ಮೆಟ್ಟಿಲೇ ಹತ್ತಿದವರಲ್ಲ."

ಕಿಟಕಿಯಾಚೆ ಮಕ್ಕಳು ಸಾಲುಗಟ್ಟುತ್ತಿದ್ದಾರೆ. ಎಂಟೂ ಮುಕ್ಕಾಲು. ಈ ಸಲ ನಾನೂ ಬಾಯಿ ಬಿಡುತ್ತೇನೆ. ಎರಡು ವರ್ಷದ ಹಿಂದಿನ ಇಪ್ಪತ್ತೊಂದು ಮಕ್ಕಳ ಕಥೆ ಹೇಳುತ್ತೇನೆ. ಖ್ವಾಬಾನೆ ಕೋಟು ಕಳಚಿ, ಸ್ಟವ್ ಮುಂದೆ ಮಂಡಿಯೂರಿ, ತಾವೇ ಥರ್ಮಾಮೀಟರ್ ಇಳಿಸುತ್ತಾರೆ. ಕನ್ನಡಕಕ್ಕೆ ಹಬೆ ಹಿಡಿಯುತ್ತದೆ, ಒರೆಸಿಕೊಂಡು ಮತ್ತೆ ನೋಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ಕುದಿಯುವ ನೀರನ್ನು ಅಳೆದು ನೋಡುತ್ತಿರುವುದು ಇದೇ ಮೊದಲು ಎಂದು ಆ ಮುಖವೇ ಹೇಳುತ್ತದೆ.

"ತೊಂಬತ್ತೆರಡೂವರೆ" ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಪೆನ್ನು ತೆಗೆದು ಷರಾ ಬರೆಯುತ್ತಾರೆ: ಶಾಲೆ ಎರಡು ಸಾವಿರದ ಮುನ್ನೂರು ಮೀಟರ್ ಎತ್ತರದಲ್ಲಿದೆ, ಖುದ್ದಾಗಿ ಅಳೆದಿದ್ದೇನೆ. ಸಹಿ ಹಾಕಿ ಲಕೋಟೆ ಅಂಟಿಸುತ್ತಾರೆ. ಅಂಕಿ ತೆಗೆದವರ ಹೆಸರಿಗೆ ಆ ಹಾಳೆಯಲ್ಲಿ ಜಾಗವಿಲ್ಲ.

ಪರೀಕ್ಷೆ ನಡೆಯುವಾಗ ಸಹಾಯಕಿ ಒಳಗಿರುವಂತಿಲ್ಲ. ಎರಡು ಗಂಟೆ ಮಾಪಲೆಸಾ ಅಂಗಳದಲ್ಲಿ ಶತಪಥ ತಿರುಗುತ್ತಾರೆ. ಮೊದಲು ಹೊರಬಂದ ಕೆನೆವೊ ಎಂಬ ಹುಡುಗಿ ನೇರ ಅವರ ಬಳಿಗೆ ಓಡಿ ಬರುತ್ತಾಳೆ.

"ಮ್ಮೆ, ಪಕ್ಕದವನು ನೂರು ಅಂತ ಬರ್ದ. ನಾನು ತೊಂಬತ್ತೆರಡೂವರೆ ಬರ್ದೆ. ನಂದು ಹೋಯ್ತಾ?"

"ನೀನು ನೋಡಿ ಬರೆದ್ಯಾ?"

"ಮೂರು ಸಲ ನೋಡ್ದೆ."

"ಹಾಗಾದ್ರೆ ಹೋಗಿ ಊಟ ಮಾಡು, ಹುಚ್ಚಿ." ಹಾಗೆಂದವರು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಎಲ್ಲ ಮುಗಿದ ಮೇಲೆ, ನಿಮಗೇನು ಆಸೆ ಎಂದು ನಾನು ಮಾಪಲೆಸಾರನ್ನು ಕೇಳುತ್ತೇನೆ. ಅವರು ತೊಳೆದ ಬೀಕರನ್ನು ಬೋರಲಿಡುತ್ತಾರೆ.

"ಒಂದ್ಸಲ ಬಸ್ ಹತ್ತಿ ಸಮುದ್ರದ ದಂಡೆಗೆ ಹೋಗ್ಬೇಕು. ಮರಳಲ್ಲಿ ಸ್ಟವ್ ಹಚ್ಚಿ ನೀರು ಕಾಯಿಸ್ಬೇಕು. ಅಲ್ಲಿ ನೂರು ಬರುತ್ತಂತೆ. ಇಪ್ಪತ್ತೆರಡು ವರ್ಷದಿಂದ ಎಲ್ರೂ ಹೇಳ್ತಾರೆ, ಇದ್ರೂ ಇರಬಹುದು. ನಾನಿನ್ನೂ ನೋಡಿಲ್ಲ."