ಬೆಳಿಗ್ಗೆ ಒಂದು ಬಾಟಲಿ, ಸಂಜೆ ಒಂದು

ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಕಂಡಕಂಡವರ ದೃಷ್ಟಿ ಸರಿಪಡಿಸುತ್ತಿದ್ದ ಮಹಾಶಯನಿಗೆ ತನ್ನ ಕಾಲಬುಡದ ಗುಂಡಿ ಮಾತ್ರ ಕಂಡಿರಲಿಲ್ಲ. ಆ ಗುಂಡಿಯನ್ನು ಸಂಬಳ ಕೂಡಿಸಿ ತಾನೇ ತಂದು, ತಾನಿದ್ದ ಅಕ್ಕನ ಮನೆಯ ಹಜಾರದಲ್ಲಿ ಇಟ್ಟಿದ್ದ: ಗಾಜಿನ ತೊಟ್ಟಿ, ಉಪ್ಪುನೀರು, ಒಳಗೆ ಜೀವಂತ ಹವಳ. ಅದು ಭಾವ ಕೂತು ಟೀವಿ ನೋಡುತ್ತಿದ್ದ ಜಾಗ. ಈಗ ಅವರು ಅಡುಗೆಮನೆಯ ಬಾಗಿಲಿಂದ ಕತ್ತು ಚಾಚಿ ನೋಡುತ್ತಿದ್ದರು, ಒಂದು ಮಾತೂ ಆಡದೆ. ಆಡಿದ್ದರೆ ಇವನಿಗೆ ಎಷ್ಟೋ ನಿರಾಳವಾಗುತ್ತಿತ್ತು.

ಮೀನಾದರೆ ಒಂದು ದಿನ ಉಪವಾಸ ಇದ್ದೀತು. ಹವಳ ಹಾಗಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಮ್ಮನ್ನೂ ಕ್ಷಾರವನ್ನೂ ಹೀರಿ ಅದು ತನ್ನ ಮೂಳೆ ಕಟ್ಟಿಕೊಳ್ಳುತ್ತದೆ. ಹೀರಿದಷ್ಟನ್ನು ಯಾರಾದರೂ ಮತ್ತೆ ತುಂಬಬೇಕು. ಬೆಳಿಗ್ಗೆ ಕ್ಯಾಲ್ಸಿಯಂ ಬಾಟಲಿ, ಸಂಜೆ ಕ್ಷಾರದ ಬಾಟಲಿ. ಚೆನ್ನಾಗಿ ನೋಡಿಕೊಂಡರೆ ಬೆಳೆಯುತ್ತದೆ, ಬೆಳೆದರೆ ಇನ್ನಷ್ಟು ಕೇಳುತ್ತದೆ. ಶ್ರದ್ಧೆಗೆ ಸಿಗುವ ಬಹುಮಾನ ಇನ್ನಷ್ಟು ಕೆಲಸ. ಅಂಗಡಿಯಲ್ಲೂ ಅದೇ, ಮನೆಯಲ್ಲೂ ಅದೇ.

ಹೀಗಿರುವಾಗ ಅಂಗಡಿಯ ಯಜಮಾನರು ದೂರದ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದರು. ಉಸ್ತುವಾರಿ ನಿನ್ನದೇ, ಮಾಳಿಗೆಯಲ್ಲಿ ಕೋಣೆಯೂ ಇದೆ, ನೋಡಿಕೊಂಡು ಬಂದು ಹೇಳು ಎಂದರು. ಉಜ್ಜುವ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಅವನು ಕಾದಿದ್ದೇ ಈ ಮಾತಿಗೆ. ಆದರೆ ಆ ಕೋಣೆಯಲ್ಲಿ ತೊಟ್ಟಿ ಹಿಡಿದರೆ ಇವನು ಹಿಡಿಯುವುದಿಲ್ಲ. ತೊಟ್ಟಿಯನ್ನು ಅಕ್ಕನೇ ನೋಡಿಕೊಳ್ಳಬೇಕು.

"ಎರಡು ಮಕ್ಕಳನ್ನ ಸಾಕಿದೀನಿ ಕಣೋ. ನಿನ್ನ ಕಲ್ಲಿಗೆ ಎರಡು ಹೊತ್ತು ಹಾಕಕ್ಕೆ ಆಗಲ್ವಾ?" ಎಂದಳು ಅಕ್ಕ.

ಅವನು ಅಳತೆ ತೋರಿಸಿದ, ಬೇರೆ ಬೇರೆ ಹೊತ್ತಿಗೆ ಎಂದ. ಯಾಕೆ ಎಂಬುದನ್ನು ಹೇಳಲಿಲ್ಲ. ಅವನು ಹವಳದ ಮಾತು ತೆಗೆದರೆ ಆ ಮನೆಯಲ್ಲಿ ಎಲ್ಲರಿಗೂ ತಟ್ಟನೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಹೊಸ ಅಂಗಡಿ ನೋಡಿ, ಗೋಡೆಗೆ ಯಾವ ಬಣ್ಣ ಎಂದು ಯೋಚಿಸುತ್ತಲೇ ಮರಳಿ ಬಂದ. ತೊಟ್ಟಿಯ ನೀರು ಬೆಳ್ಳಗಾಗಿತ್ತು. ಹೀಟರಿನ ಮೇಲೆ ಸುಣ್ಣ ಹೆಪ್ಪುಗಟ್ಟಿತ್ತು, ಪಂಪು ಗೊರಗುಟ್ಟುತ್ತಿತ್ತು.

"ಸಂಜೆ ನನಗೆ ಹೊರಗೆ ಹೋಗೋದಿತ್ತು," ಎಂದಳು ಅಕ್ಕ. "ಎರಡೂ ಹೋಗೋದು ಅದೇ ನೀರಿಗೆ ತಾನೇ ಅಂತ ಒಂದೇ ಲೋಟದಲ್ಲಿ ಕಲಸಿ ಹಾಕ್ದೆ. ಹಾಲಿನ ಥರ ಆಯ್ತು. ಚೆನ್ನಾಗಿ ಬೆರೀತು ಅಂದ್ಕೊಂಡೆ."

ಎರಡೂ ಲೋಟದಲ್ಲೇ ಸೇರಿ ಸುಣ್ಣದ ಪುಡಿಯಾಗಿದ್ದವು. ಆ ಪುಡಿ ತೊಟ್ಟಿಯ ನೀರಿನಲ್ಲಿದ್ದ ಕ್ಷಾರವನ್ನೂ ತನ್ನ ಜೊತೆ ಎಳೆದುಕೊಂಡಿತ್ತು. ಬೈಯಲು ಬಾಯಿ ತೆರೆದವನಿಗೆ ಎದೆಯೊಳಗೆ ಏನೋ ಹಗುರಾಯಿತು. ಹವಳದ ಕತೆ ಮುಗಿಯಿತಲ್ಲ, ಇನ್ನು ಹೊರಡಬಹುದು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು.

ಖಾತ್ರಿಗೆಂದು ಪುಟ್ಟ ಗಾಜಿನ ಕೊಳವೆಗೆ ನೀರು ತೆಗೆದು ಪರೀಕ್ಷೆಯ ದ್ರವ ಹನಿಸಿದ. ಬೇಗ ಹಳದಿಯಾದರೆ ಕ್ಷಾರ ಬರಿದಾದಂತೆ. ನೀಲಿಯಾಯಿತು. ಹಳದಿಯಾಗು ಮಾರಾಯ ಎಂದು ಇನ್ನೊಂದು ಹನಿ ಬಿಟ್ಟ. ನೀಲಿಯೇ. ಮತ್ತೊಂದಕ್ಕೂ ನೀಲಿಯೇ. ಕೊನೆಗೂ ಹಳದಿಯಾಗುವ ಹೊತ್ತಿಗೆ ಸತ್ಯ ಗೊತ್ತಾಗಿತ್ತು: ಅರ್ಧ ಕ್ಷಾರ ಉಳಿದಿದೆ, ಹವಳವನ್ನು ಬದುಕಿಸಬಹುದು. ಆದರೆ ಒಮ್ಮೆಲೇ ಏರಿಸಿದರೆ ಅದರಿಂದಲೇ ಸಾಯುತ್ತದೆ. ದಿನವೂ ಅಳೆದು, ಚೂರುಚೂರೇ, ವಾರಗಟ್ಟಲೆ.

"ನೀನು ಹೊರಡೋ," ಎಂದಳು ಅಕ್ಕ, ಲೋಟವನ್ನು ಸೆರಗಿನಲ್ಲಿ ಒರೆಸುತ್ತಾ. "ಸತ್ತರೆ ಅಕ್ಕ ಸಾಯಿಸಿದ್ಲು ಅಂತ ಹೇಳ್ಕೋ."

ಹಾಗೆಂದವಳ ತಲೆಗೆ ಕಟ್ಟಿ ಹೊರಡುವುದು ಹೇಗೆ? ಅಲ್ಲಿಗೆ ಕೊನೆಯ ಬಾಗಿಲೂ ಮುಚ್ಚಿತು. ಹೊರಗೆ ಹೋಗಿ ಯಜಮಾನರಿಗೆ ಫೋನು ಮಾಡಿದ. ಒಂದಷ್ಟು ವಾರ ತಡೆಯಬಹುದೇ ಎಂದು ಕೇಳಿದ. ಕಲ್ಲಿಗೋಸ್ಕರ ಯಾರಾದರೂ ಅಂಗಡಿ ಬಿಡ್ತಾರೇನಯ್ಯಾ ಎಂದು ಅವರು ನಕ್ಕರು. ಹಾಗಾದರೆ ಅಲ್ಲಿಗೆ ಕೌಂಟರಿನವನನ್ನು ಕಳಿಸುತ್ತೇನೆ ಎಂದಾಗ ನಗುತ್ತಿರಲಿಲ್ಲ.

"ಏನಂದ್ರು?" ಒಳಗೆ ಬಂದವನನ್ನು ಅಕ್ಕ ಕೇಳಿದಳು.

"ಇಲ್ಲೇ ಇರು ಅಂದ್ರು. ಅಲ್ಲಿಗೆ ಬೇರೆ ಯಾರೋ ಸಿಕ್ಕಿದ್ರಂತೆ."

ಅಕ್ಕ ಯಜಮಾನರಿಗೆ ಮನಸಾರೆ ಶಾಪ ಹಾಕಿದಳು. ಅವನು ಹೂಂಗುಟ್ಟುತ್ತಾ, ಬಿಳಿನೀರನ್ನು ಬಕೆಟ್ಟಿಗೆ ಇಳಿಸಲು ಪೈಪು ಹಿಡಿದು ಕೂತ.